ಹುಳು ಮನೆಯಲ್ಲಿ ಗುರಿ ಅಭ್ಯಾಸ

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆಯಲ್ಲಿ ರೇಷ್ಮೆ. ಒಂದು ಬೆಳೆ ಮುಗಿದು ಮುಂದಿನ ಚಾಕಿ, ಅಂದರೆ ಮರಿ ಹುಳು, ಬರುವವರೆಗೆ ಹುಳು ಮನೆ ಖಾಲಿ ಇರುತ್ತದೆ. ಉದ್ದ ನಲವತ್ತು ಅಡಿ, 10 ಮೀಟರ್ ಏರ್ ರೈಫಲ್‌ಗೆ ಸಾಕು. ಆ ತುದಿಯ ಗೋಡೆಗೆ ದಪ್ಪ ಹಲಗೆ, ಅದರ ಮುಂದೆ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಹಿಡಿಯುವ ಕಬ್ಬಿಣದ ಡಬ್ಬ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದೆ ರೈಫಲ್ ಮುಟ್ಟುವುದಿಲ್ಲ.

ಇದಕ್ಕೂ ಮೊದಲು ಕಾಲೇಜಿನಲ್ಲಿ ಎನ್‌ಸಿಸಿಯ ಪಾಯಿಂಟ್ ಟೂ ಟೂ ರೈಫಲ್ ಹೊಡೆದಿದ್ದೆ. ಮಲಗಿಕೊಂಡು, 25 ಮೀಟರ್ ದೂರಕ್ಕೆ. ತೂತುಗಳೆಲ್ಲ ಮೇಲಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಬಿದ್ದವು. ಹವಾಲ್ದಾರರು ಗುರಿಯ ಕಾರ್ಡ್ ನೋಡಿ 'ಉಸಿರು' ಎಂದರು, ಅಷ್ಟೇ. ಮಲಗಿದಾಗ ಉಸಿರು ಎಳೆದರೆ ಎದೆ ಉಬ್ಬಿ ನಳಿಗೆಯ ಮೂತಿ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ.

ಹಾಗಂತ ಎದೆ ತುಂಬ ಗಾಳಿ ಬಿಗಿಹಿಡಿದೆ. ಅದು ಇನ್ನೊಂದು ಎಡವಟ್ಟು. ಹೆಗಲು ಸೆಟೆದುಕೊಂಡಿತು, ಎದೆಬಡಿತ ಗುರಿ ನೋಡುವ ಸೈಟಿನಲ್ಲೇ ಕುಣಿಯಿತು. ಉಸಿರು ಬಿಟ್ಟ ಮೇಲೆ, ಮುಂದಿನದನ್ನು ಎಳೆಯುವ ಮೊದಲು, ಮೈ ತಾನಾಗಿ ಒಂದು ಗಳಿಗೆ ಸುಮ್ಮನಿರುತ್ತದೆ ಅಲ್ವಾ? ಅದನ್ನೇ ಸ್ವಲ್ಪ ಉದ್ದ ಮಾಡಬೇಕಿತ್ತು. ನನಗೆ ಸಿಗುವುದು ಆರೇಳು ಸೆಕೆಂಡ್. ಅದು ದಾಟಿದರೆ ಕಣ್ಣು ಮಂಜಾಗುತ್ತದೆ, ಗುರಿ ಸರಿದಿದ್ದರೂ ಸರಿಯಾಗಿದೆ ಅನ್ನಿಸುತ್ತದೆ.

ಉಸಿರು ಪಳಗಿತು. ಆದರೂ ಪೆಲೆಟ್‌ಗಳು ಬಲಕ್ಕೆ ಕೆಳಗೆ ಬೀಳುವುದು ನಿಲ್ಲಲಿಲ್ಲ. ಈ ಆಟದಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಸೈಟ್ ತಿರುಗಿಸಿದೆ, ಕನ್ನಡಕ ಬದಲಿಸಿದೆ. ಸುಮ್ನೆ ದುಡ್ಡು ದಂಡ.

ಅಷ್ಟರಲ್ಲಿ ಚಾಕಿ ಬಂತು. ಅಮ್ಮ ನನ್ನನ್ನೂ ಡಬ್ಬವನ್ನೂ ಹೊರಗೆ ಹಾಕಿದರು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುವಿಗೆ ಸೊಪ್ಪು ಹೊತ್ತು ಹೊತ್ತು ರಾತ್ರಿ ಕೈ ಎತ್ತಲೂ ಆಗುತ್ತಿರಲಿಲ್ಲ. ಆದರೂ ಪಡಸಾಲೆಯಲ್ಲಿ ನಿಂತು, ಒಳಗೆ ಪೆಲೆಟ್ ಇಲ್ಲವೆಂದು ಎರಡು ಸಲ ನೋಡಿ, ಗೋಡೆಯ ಕಡೆಗೆ ಖಾಲಿ ಟ್ರಿಗರ್ ಒತ್ತುತ್ತಿದ್ದೆ. ನನ್ನದು ಗಾಳಿ ತುಂಬುವ ಮ್ಯಾಚ್ ರೈಫಲ್, ಅದಕ್ಕೆ ಹೀಗೆ ಖಾಲಿ ಒತ್ತುವ ಡ್ರೈ ಫೈರ್ ವ್ಯವಸ್ಥೆ ಇದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಹೀಗೆ ಮಾಡಬೇಡಿ, ಪಿಸ್ಟನ್ ಹಾಳಾಗುತ್ತದೆ.

ಮೂರನೇ ರಾತ್ರಿ ಕಳ್ಳ ಸಿಕ್ಕಿಬಿದ್ದ. 'ಟಕ್' ಎನ್ನುವ ಕ್ಷಣದಲ್ಲಿ ಮುಂದಿನ ಸೈಟಿನ ಉಂಗುರ ಬಲಕ್ಕೆ ಕೆಳಗೆ ಹಾರುತ್ತಿತ್ತು. ಪೆಲೆಟ್ ಹೊಡೆಯುವಾಗ ಕಣ್ಣು ಕಾರ್ಡ್ ಕಡೆಗೆ ಓಡುತ್ತಿದ್ದರಿಂದ ಇದು ಕಂಡೇ ಇರಲಿಲ್ಲ. ನನ್ನ ಟ್ರಿಗರ್‌ಗೆ ಎರಡು ಹಂತ. ಮೊದಲನೆಯದು ಸಡಿಲ, ಆಮೇಲೆ ಸಣ್ಣದೊಂದು ತಡೆ. ನಾನು ತಡೆ ಸಿಕ್ಕಿದ ಕೂಡಲೇ, ಉಂಗುರದೊಳಗೆ ಕರಿ ಬೊಟ್ಟು ಚೆನ್ನಾಗಿ ಕೂತಿತು ಎಂಬ ಆಸೆಗೆ, ಟ್ರಿಗರ್ ಅನ್ನು ಝಟ್ಟನೆ ಎಳೆದುಬಿಡುತ್ತಿದ್ದೆ. ಆಮೇಲೆ ಉಸಿರು ಇಳಿಯುವಾಗಲೇ ಮೊದಲ ಹಂತ ಮುಗಿಸಿ, ತಡೆಯ ಮೇಲೆ ಬೆರಳಿನ ತುದಿಯ ಮೆತ್ತೆ ಇಟ್ಟು, ನೇರ ಹಿಂದಕ್ಕೆ ಮೆಲ್ಲಗೆ ಭಾರ ಕೂಡಿಸುವುದನ್ನು ರೂಢಿ ಮಾಡಿದೆ. ಸದ್ದಾದ ಮೇಲೂ ಒಂದೆರಡು ಸೆಕೆಂಡ್ ಉಂಗುರದಿಂದ ಕಣ್ಣು ತೆಗೆಯುವುದಿಲ್ಲ. ಆ ಬೆಳೆ ಮುಗಿಯುವವರೆಗೆ ದಿನಕ್ಕೆ ಐವತ್ತು ಸಲ, ಒಂದು ಪೆಲೆಟ್ ಕೂಡ ಹೊಡೆಯದೆ.

ಮನಸ್ಸಿನದು ಬೇರೆ ಕಥೆ. ಸ್ಪರ್ಧೆಯಲ್ಲಿ 60 ಗುಂಡಿಗೆ 75 ನಿಮಿಷ, ಅಂದರೆ ಒಂದಕ್ಕೆ 75 ಸೆಕೆಂಡ್. ಬೇಕಾದಷ್ಟು ಸಮಯ. ಆದರೂ ಒಮ್ಮೆ ಎತ್ತಿದ ರೈಫಲ್ ಹೊಡೆಯದೆ ಇಳಿಸಲು ನನಗೆ ನಾಚಿಕೆ! ಪಕ್ಕದವರು ಏನಂದುಕೊಳ್ಳುತ್ತಾರೋ ಅಂತ. ನಲವತ್ತನೇ ಗುಂಡು ದಾಟಿದ ಮೇಲಂತೂ ತಲೆಯೊಳಗೆ ಲೆಕ್ಕ ಶುರು. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡು 10.8 ಹೊಡೆದರು. ಅದಕ್ಕಿಂತ ಮೇಲೆ ಇರುವುದು 10.9 ಒಂದೇ. ಆಗ ಅವರ ತಲೆಯಲ್ಲಿ ಏನಿತ್ತೋ, ನನ್ನ ತಲೆಯಲ್ಲಿ ಮಾತ್ರ ಬರೀ ಕೂಡುವ ಲೆಕ್ಕ. ಈಗ ಲೆಕ್ಕ ಬಂದ ಕೂಡಲೇ ಇಳಿಸುತ್ತೇನೆ. ಮೂರು ಉಸಿರು ಎಣಿಸಿ ಮತ್ತೆ ಎತ್ತುತ್ತೇನೆ.

ಮೊನ್ನೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಹಾಕಿ ಆಯಿತು. ಗೂಡು ಬಿಡಿಸಿ, ಮನೆ ತೊಳೆದು ಬ್ಲೀಚಿಂಗ್ ಪುಡಿಯ ವಾಸನೆ ಹೋದ ಮೇಲೆ ಕಬ್ಬಿಣದ ಡಬ್ಬ ಮತ್ತೆ ಒಳಗೆ ಹೋಗುತ್ತದೆ. ಅಲ್ಲಿಯವರೆಗೆ ಪಡಸಾಲೆ, ಖಾಲಿ ಟ್ರಿಗರ್.