ಸೋತ ಮರುದಿನ ಫ್ಯಾನ್ಸ್ ಏನಂತಾರೆ? ಹಾವೇರಿಯಲ್ಲಿ ನಾನು ಮಾಡಿದ ಸಂಶೋಧನೆ

ಫ್ಯಾನ್‌ಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಗೆದ್ದ ದಿನ ಹೋಗಬಾರದು, ಸೋತ ಮರುದಿನ ಹೋಗಬೇಕು. ಗೆದ್ದ ದಿನ ಎಲ್ಲರೂ ಒಂದೇ ಥರ ಕುಣಿಯುತ್ತಾರೆ. ಯಾರು ಎಷ್ಟು ಗಟ್ಟಿ ಅಂತ ಗೊತ್ತಾಗುವುದಿಲ್ಲ.

ನಾನು ಹಾವೇರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಸಮಾಜ ಮನೋವಿಜ್ಞಾನ ಪಾಠ ಮಾಡುತ್ತೇನೆ. ಗುಂಪು ಅಂದರೇನು, ‘ನಾವು’ ಅನ್ನೋದು ಹೇಗೆ ಹುಟ್ಟುತ್ತದೆ ಅನ್ನೋದೇ ನನ್ನ ಸಂಶೋಧನೆಯ ವಿಷಯ. ಅದಕ್ಕೆ ಎರಡು ಬಗೆಯ ಫ್ಯಾನ್‌ಗಳನ್ನು ಹಿಡಿದುಕೊಂಡೆ. ಒಂದು ಆರ್‌ಸಿಬಿ ಹುಡುಗರು. ಇನ್ನೊಂದು ಹೋರಿ ಫ್ಯಾನ್ಸ್.

ಹೋರಿಗೂ ಫ್ಯಾನ್ಸ್ ಇದ್ದಾರಾ ಅಂತ ದೂರದ ಊರಿನವರು ಕೇಳುತ್ತಾರೆ. ನಮ್ಮ ಕಡೆ ಬಂದು ನೋಡಬೇಕು. ದೀಪಾವಳಿ ಮುಗಿದ ಮೇಲೆ ಹಾವೇರಿ ಸುತ್ತಮುತ್ತ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಹೋರಿಯ ಕೊರಳಿಗೆ ಒಣ ಕೊಬ್ಬರಿ ಸರ ಕಟ್ಟಿ ಅಖಾಡದಲ್ಲಿ ಬಿಡುತ್ತಾರೆ. ಎರಡೂ ಕಡೆ ನಿಂತ ಹುಡುಗರು ಕೊಬ್ಬರಿ ಕಿತ್ತುಕೊಳ್ಳಲು ಮುಗಿಬೀಳುತ್ತಾರೆ. ಯಾರ ಕೈಗೂ ಸಿಗದೆ ಓಡಿಹೋದರೆ ಹೋರಿ ಗೆದ್ದ ಹಾಗೆ. ಹೆಸರು ಮಾಡಿದ ಹೋರಿಗೆ ಫ್ಲೆಕ್ಸ್, ಟಿ-ಶರ್ಟ್, ಅಭಿಮಾನಿ ಬಳಗ ಎಲ್ಲ ಇರುತ್ತದೆ. ಕ್ರಿಕೆಟ್ ಟೀಮಿಗೆ ಏನೇನು ಇದೆಯೋ ಅದೆಲ್ಲ ಇದೆ, ಹರಾಜು ಒಂದನ್ನು ಬಿಟ್ಟು.

ಫ್ಯಾನ್‌ಗಳ ಬಗ್ಗೆ ಸಂಶೋಧನೆ ಮಾಡುವವರೆಲ್ಲರೂ ಮೊದಲು ಓದುವುದು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ದೀನಿ ಮತ್ತು ಜೊತೆಗಾರರು 1976ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ತಮ್ಮ ಫುಟ್‌ಬಾಲ್ ಟೀಮ್ ಗೆದ್ದರೆ, ಸೋಮವಾರ ಕ್ಲಾಸಿಗೆ ಬರುವ ಹುಡುಗರಲ್ಲಿ ಕಾಲೇಜಿನ ಹೆಸರಿರುವ ಬಟ್ಟೆ ಹಾಕಿಕೊಂಡವರು ಜಾಸ್ತಿ. ಗೆದ್ದರೆ ‘ನಾವು ಗೆದ್ದೆವು’, ಸೋತರೆ ‘ಅವರು ಸೋತರು’. ಬೇರೆಯವರ ಗೆಲುವಿನ ಬೆಳಕಲ್ಲಿ ನಾವೂ ಒಂಚೂರು ಮೈ ಕಾಯಿಸಿಕೊಳ್ಳುತ್ತೇವೆ ಅನ್ನೋದು ಅವರ ಮಾತು.

ಇದನ್ನೇ ಇಲ್ಲಿ ಮಾಡೋಣ ಅಂದರೆ ನಮ್ಮ ಕಾಲೇಜಿನಲ್ಲಿ ಯೂನಿಫಾರ್ಮ್. ಜರ್ಸಿ ಎಣಿಸೋದೆಲ್ಲಿಂದ ಬಂತು? ಅದಕ್ಕೆ ಗೇಟ್ ಬಿಟ್ಟು ಬೈಕ್ ಪಾರ್ಕಿಂಗಿಗೆ ಹೋದೆ. ಅಲ್ಲಿ ಮಡ್‌ಗಾರ್ಡ್ ಮೇಲೆ, ಪೆಟ್ರೋಲ್ ಟ್ಯಾಂಕ್ ಮೇಲೆ ಸ್ಟಿಕರ್‌ಗಳು. ಆರ್‌ಸಿಬಿಯ ಸಿಂಹ, 18 ನಂಬರ್, ಹೋರಿಯ ಹೆಸರು, ಪುನೀತ್ ಫೋಟೋ, ಒಂದೇ ಗಾಡಿಯಲ್ಲಿ ನಾಲ್ಕೂ. ಜೊತೆಗೆ, ಒಪ್ಪಿಗೆ ಕೊಟ್ಟ ಹುಡುಗರ ವಾಟ್ಸಾಪ್ ಸ್ಟೇಟಸ್ ಬರೆದಿಟ್ಟುಕೊಂಡೆ. ಎರಡೂ ಬೇರೆ ಬೇರೆ ಕಥೆ ಹೇಳಿದವು. ಸ್ಟೇಟಸ್ ಚಾಲ್ದೀನಿ ಹೇಳಿದ ಹಾಗೇ ನಡೆಯುತ್ತದೆ. ಗೆದ್ದ ರಾತ್ರಿ ಪುಟಗಟ್ಟಲೆ, ಸೋತ ರಾತ್ರಿ ಶುಭರಾತ್ರಿಯೂ ಇಲ್ಲ. ಸ್ಟಿಕರ್ ಮಾತ್ರ ಅಲ್ಲಾಡುವುದಿಲ್ಲ. ಒಂದು ಗಾಡಿಯ ಸಿಂಹ ಬಿಸಿಲಿಗೆ ಕೆಂಪು ಕಳೆದುಕೊಂಡು ಗುಲಾಬಿ ಆಗಿತ್ತು. ಅಂಚು ಎದ್ದಿದ್ದ ಕಡೆ ಸೆಲ್ಲೋಟೇಪ್ ಹಚ್ಚಿ ಕೂರಿಸಿದ್ದ. ಅಂಥವನನ್ನೇ ನಾನು ಹುಡುಕುತ್ತಿದ್ದದ್ದು.

ಯಾರು ಎಷ್ಟು ಗಟ್ಟಿ ಫ್ಯಾನ್ ಅಂತ ಅಳೆಯೋದಕ್ಕೆ ಮನೋವಿಜ್ಞಾನಿಗಳಾದ ವ್ಯಾನ್ ಮತ್ತು ಬ್ರಾನ್ಸ್‌ಕೂಂಬ್ 1993ರಲ್ಲಿ ಮಾಡಿದ ಮಾಪಕ ಇದೆ. ಏಳು ಪ್ರಶ್ನೆ, ಪ್ರತಿಯೊಂದಕ್ಕೂ ಒಂದರಿಂದ ಎಂಟರವರೆಗೆ ಅಂಕ. ಟೀಮ್ ಗೆಲ್ಲುವುದು ನಿನಗೆ ಎಷ್ಟು ಮುಖ್ಯ, ಗೆಳೆಯರು ನಿನ್ನನ್ನು ಎಷ್ಟು ದೊಡ್ಡ ಫ್ಯಾನ್ ಅಂತ ತಿಳಿದಿದ್ದಾರೆ, ಎದುರಾಳಿ ಟೀಮ್ ಕಂಡರೆ ಎಷ್ಟು ಆಗಿಬರೋದಿಲ್ಲ, ಹೀಗೆ. ಕನ್ನಡಕ್ಕೆ ತಂದು, ಇನ್ನೊಬ್ಬರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ, ಅರ್ಥ ಸರಿಯಿದೆಯಾ ಅಂತ ನೋಡಿದೆ. ಅಂಕ ಬರೆಯಿರಿ ಅಂದರೆ ಪರೀಕ್ಷೆ ಅನಿಸುತ್ತದೆ. ಅದಕ್ಕೆ ಹಾಳೆಯ ಮೇಲೆ ಎಂಟು ಚೌಕ ಹಾಕಿ, ಬೆರಳಿಡಿ ಅಂದೆ. ಇದು ಚೆನ್ನಾಗಿ ನಡೆಯಿತು. ಒಬ್ಬ ಹುಡುಗ ಎಂಟನೇ ಚೌಕ ದಾಟಿ, ಹಾಳೆಯನ್ನೂ ದಾಟಿ, ಟೇಬಲ್ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ಅವನಿಗೆ ಎಂಟೇ ಬರೆದುಕೊಂಡೆ, ಬೇರೆ ದಾರಿ ಇಲ್ಲ.

ಒಪ್ಪಿಗೆ ಪತ್ರದ್ದು ಇನ್ನೊಂದು ಗೋಳು. ನಿಯಮದ ಪ್ರಕಾರ ಒಪ್ಪಿಗೆ ಬೇಕೇ ಬೇಕು. ಆದರೆ ಹಳ್ಳಿಯಲ್ಲಿ ಸಹಿ ಅಂದ ಕೂಡಲೇ ‘ಸಹಿ ಯಾಕ್ರಿ ಸರ, ಏನ್ ಸಾಲ ಕೊಡಾಕ ಬಂದೀರೇನು?’ ಅಂತಾರೆ. ಅಲ್ಲೆಲ್ಲ ವಿವರವಾಗಿ ಓದಿ ಹೇಳಿ, ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಂಡೆ. ಇನ್ನೊಂದು ಮುಖ್ಯವಾದದ್ದು, ನಾನು ಎಲ್ಲಿ ಕೂತು ಕೇಳುತ್ತೇನೆ ಅನ್ನೋದು. ಸ್ಟಾಫ್ ರೂಮಿನಲ್ಲಿ ಕೇಳಿದರೆ ವಿದ್ಯಾರ್ಥಿ ಉತ್ತರ ಕೊಡುತ್ತಾನೆ, ಫ್ಯಾನ್ ಅಲ್ಲ. ‘ಕ್ರೀಡೆಯಲ್ಲಿ ಸೋಲು ಗೆಲುವು ಸಹಜ ಸರ್’ ಅಂತ ಕೈಕಟ್ಟಿ ಹೇಳುತ್ತಾನೆ. ಅದೇ ಹುಡುಗ ಗಿರ್ಮಿಟ್ ಅಂಗಡಿ ಬೆಂಚಿನ ಮೇಲೆ, ನಾಲ್ಕು ಗೆಳೆಯರ ನಡುವೆ ಬೇರೆ ಮನುಷ್ಯ. ಹಾಗಾಗಿ ಮಾತುಕತೆಯನ್ನೆಲ್ಲ ಅಲ್ಲಿಗೇ ಒಯ್ದೆ.

ಈಗ ಸೋಲಿನ ವಿಷಯಕ್ಕೆ ಬರುತ್ತೇನೆ. ಸೋತಾಗ ಜನ ದೂರ ಸರಿಯುತ್ತಾರೆ ಅಂತ ಚಾಲ್ದೀನಿ ನಂತರದವರೂ ಬರೆದಿದ್ದಾರೆ. ಆದರೆ ಟೀಮಿಗೆ ಗಟ್ಟಿಯಾಗಿ ಅಂಟಿಕೊಂಡವರು ಹಾಗೆ ಸರಿಯುವುದು ಕಮ್ಮಿ ಅಂತ ವ್ಯಾನ್ ಮತ್ತು ಬ್ರಾನ್ಸ್‌ಕೂಂಬ್ 1990ರಲ್ಲೇ ತೋರಿಸಿದ್ದರು. ಆರ್‌ಸಿಬಿ 2009, 2011, 2016ರಲ್ಲಿ ಫೈನಲ್ ತನಕ ಹೋಗಿ ಸೋತ ಟೀಮ್. ಆದರೂ ಬೆಂಚಿನ ಮೇಲೆ ನನಗೆ ಕೇಳಿಸುತ್ತಿದ್ದದ್ದು ‘ಸೋತ್ವಿ ಬಿಡ್ರಿ ಸರ’ ಅಂತಲೇ. ಅವರು ಸೋತರು ಅಂತ ಗಟ್ಟಿ ಫ್ಯಾನ್ ಒಬ್ಬನೂ ಅನ್ನಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತಿತ್ತು: ‘ಕಪ್ ಯಾರ್ ಬೇಕಾದ್ರೂ ಗೆಲ್ತಾರ್ರೀ. ಇಷ್ಟ್ ವರ್ಷ ಸೋತ್ರೂ ನಿಂತೇವಿ ನೋಡ್ರಿ, ಈ ನಿಯತ್ತು ಯಾರಿಗೈತಿ?’

ಸಮಾಜ ಮನೋವಿಜ್ಞಾನಿಗಳಾದ ತಾಜ್‌ಫೆಲ್ ಮತ್ತು ಟರ್ನರ್ 1979ರಲ್ಲಿ ಬರೆದದ್ದು ಇದನ್ನೇ. ಗುಂಪಿನ ಮರ್ಯಾದೆಯಲ್ಲೇ ನಮ್ಮ ಮರ್ಯಾದೆಯೂ ಇರುತ್ತದೆ. ಒಂದು ಅಳತೆಯಲ್ಲಿ ನಮ್ಮ ಗುಂಪು ಕೆಳಗೆ ಬಿದ್ದರೆ, ಕೆಲವರು ಗುಂಪು ಬಿಡುತ್ತಾರೆ. ಉಳಿದವರು ಅಳತೆಯನ್ನೇ ಬದಲಾಯಿಸುತ್ತಾರೆ. ಕಪ್ಪಿನ ಲೆಕ್ಕದಲ್ಲಿ ಚೆನ್ನೈ ಮುಂದಾದರೆ, ನಿಯತ್ತಿನ ಲೆಕ್ಕದಲ್ಲಿ ನಾವು ಮುಂದೆ. ಕ್ಲಾಸಿನಲ್ಲಿ ಎಷ್ಟು ಸಲ ಹೇಳಿಕೊಟ್ಟರೂ ತಲೆಗೆ ಹತ್ತದ ಪಾಠ ಇದು. ಬೆಂಚಿನ ಮೇಲಿನ ಹುಡುಗರು ಓದದೆಯೇ ಅದನ್ನು ನನಗೇ ಹೇಳಿಕೊಡುತ್ತಿದ್ದರು.

ಹೋರಿ ಅಖಾಡದಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. ಕೊಬ್ಬರಿ ಕಿತ್ತ ಅರ್ಧ ನಿಮಿಷದೊಳಗೆ ವಾದ ತಯಾರು. ಸರ ತಾನೇ ಹರಿಯಿತು, ಕಿತ್ತಿದ್ದಲ್ಲ. ಹತ್ತು ಮಂದಿ ಒಟ್ಟಿಗೆ ಬಿದ್ದರು, ಒಬ್ಬನ ಕೈಲಿ ಆಗ್ತಿತ್ತಾ? ಅದೂ ನಡೆಯದಿದ್ದರೆ, ಓಡಿದ ಗತ್ತು ನೋಡಿದಿರಾ ಅಂತ ಮೊಬೈಲ್ ತೆಗೆದು ವಿಡಿಯೋ ತೋರಿಸುತ್ತಾರೆ. ನಾನು ನೋಡಿದ ವಿಡಿಯೋಗಳಲ್ಲಿ ಕೊಬ್ಬರಿ ಹೋಗುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಬೇರೆ ಕಡೆ ತಿರುಗಿರುತ್ತದೆ! ಹೋರಿ ಸಾಕಿದ ಒಬ್ಬ ಹಿರಿಯರನ್ನು, ಸೋತ ಮೇಲೆ ಹುಡುಗರು ಬಿಟ್ಟು ಹೋಗ್ತಾರಾ ಕಾಕಾ ಅಂತ ಕೇಳಿದೆ. ‘ಕೊಬ್ಬರಿ ಹೋತು ಅಂತ ಹೋರಿ ಬಿಡಾಕ ಆಗ್ತೈತೇನ್ರಿ ಸರ?’ ಅಂದು ಹಿಂಡಿ ಕಲಸುವುದನ್ನು ಮುಂದುವರಿಸಿದರು.

ಒಂದು ವ್ಯತ್ಯಾಸ ಇದೆ. ಹೋರಿ ಫ್ಯಾನ್‌ಗೆ ಎದುರಾಳಿ ಪಕ್ಕದ ಓಣಿಯಲ್ಲೇ ಇರುತ್ತಾನೆ, ಕೆಲವೊಮ್ಮೆ ಅದೇ ಮನೆಯಲ್ಲಿ. ಅಣ್ಣ ಹೋರಿಯ ಬಳಗದವನು, ತಮ್ಮ ಕೊಬ್ಬರಿ ಕೀಳುವವನು. ಇಂಥ ಮನೆಗಳಲ್ಲಿ ಎದುರಾಳಿಯ ಪ್ರಶ್ನೆಗೆ ಬೆರಳು ಎರಡು, ಮೂರನೇ ಚೌಕದಲ್ಲೇ ನಿಲ್ಲುತ್ತದೆ. ಚೆನ್ನೈ ಫ್ಯಾನ್ ಒಬ್ಬನನ್ನೂ ಹತ್ತಿರದಿಂದ ಕಾಣದ ಹುಡುಗ ಅದೇ ಪ್ರಶ್ನೆಗೆ ಎಂಟಕ್ಕೆ ಬೆರಳು ಒತ್ತುತ್ತಾನೆ.

ಹೀಗೆ ಎಲ್ಲ ಸೋಲಿನ ಲೆಕ್ಕದಲ್ಲೇ ಹೊಂದಿಸಿಕೊಂಡಿದ್ದಾಗ, 2025ರ ಜೂನ್ 3ಕ್ಕೆ ಆರ್‌ಸಿಬಿ ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್ಲನ್ನು ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದುಬಿಟ್ಟಿತು. ಮರುದಿನವೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಹುಡುಗರು ಸುಮ್ಮನಾದರು. ನಾನೂ ಹಾಳೆ ಒಳಗಿಟ್ಟೆ. ಅಂಥ ಹೊತ್ತಲ್ಲಿ ಗೆಲುವು ಎಷ್ಟು ಮುಖ್ಯ ಅಂತ ಕೇಳುವುದು ಸರಿಯಲ್ಲ. ಫ್ಯಾನ್ಸ್ ಅಂದರೆ ತಲೆ ಕೆಟ್ಟವರು ಅಂತ ಆಗ ಬಹಳ ಮಂದಿ ಮಾತಾಡಿದರು. ಗುಂಪಿಗೆ ಬುದ್ಧಿ ಇರೋದಿಲ್ಲ ಅನ್ನೋ ಹಳೇ ವಾದವನ್ನು ಗುಂಪಿನ ಬಗ್ಗೆ ಕೆಲಸ ಮಾಡಿದವರು ಯಾವತ್ತೋ ಕೈಬಿಟ್ಟಿದ್ದಾರೆ.

ಮತ್ತೆ ಬೆಂಚಿಗೆ ಹೋದಾಗ ಮಾತಿನ ವರಸೆ ಬದಲಾಗಿತ್ತು. ಕಪ್ ಬಂದ ಮೇಲೆ ಎಲ್ಲರೂ ಆರ್‌ಸಿಬಿ. ಹಾಗಾದರೆ ನಿಯತ್ತಿನವರು ಯಾರು? ಗೆರೆ ಈಗ ಗುಂಪಿನ ಒಳಗೇ ಬಿದ್ದಿದೆ. ಹೊಸಬರಿಗೆ ಪರೀಕ್ಷೆ ಇಡುತ್ತಾರೆ. ‘2016ರ ಫೈನಲ್ ನೋಡೀಯೇನು?’ 209 ರನ್ ಬೆನ್ನಟ್ಟುವಾಗ ಒಂದೂ ವಿಕೆಟ್ ಹೋಗದೆ 114 ಆಗಿದ್ದು, ಕೊನೆಗೆ 8 ರನ್‌ಗಳಿಂದ ಸೋತದ್ದು, ಎಲ್ಲ ಬಾಯಿಪಾಠ ಬರಬೇಕು. ಆಗ ನಾಲ್ಕನೇ ಕ್ಲಾಸಿನಲ್ಲಿದ್ದವನೊಬ್ಬ ‘ಅಪ್ಪಾರು ಅರ್ಧಕ್ಕ ಟಿವಿ ಬಂದ್ ಮಾಡಿ ಮಲಗಿಸಿದ್ರು, ಆದ್ರೂ ಅದು ಲೆಕ್ಕಕ್ಕ ಬರ್ತೈತಿ’ ಅಂತ ವಾದ ಮಾಡುತ್ತಿದ್ದ. ಬೆಂಚಿನವರು ಇನ್ನೂ ಒಪ್ಪಿಲ್ಲ.

ಮುಂದಿನ ಸುತ್ತಿಗೆ ಅದಕ್ಕೇ ಒಂದು ಪ್ರಶ್ನೆ ಸೇರಿಸಿದ್ದೇನೆ: ಯಾವಾಗಿಂದ ಫ್ಯಾನ್? ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದೇನೆ. ಮೊದಲೇ ಕೇಳಿದರೆ ಉಳಿದ ಏಳಕ್ಕೂ ಬೆರಳು ಎಂಟರ ಮೇಲೇ ಬೀಳುತ್ತದೆ.