ಅಟ್ಟದ ಕಂಚು, ಹಿತ್ತಾಳೆಯನ್ನು ಮತ್ತೆ ಊಟಕ್ಕೆ ಇಳಿಸುವ ಬಗೆ

ಮಲೆನಾಡಿನ ಹಳೆಯ ಮನೆಗಳ ಅಟ್ಟ ಹತ್ತಿದರೆ ಗೋಣಿಚೀಲದಲ್ಲಿ ಕಟ್ಟಿಟ್ಟ ಕಂಚಿನ ತಟ್ಟೆ, ಹಿತ್ತಾಳೆಯ ಬೋಗುಣಿ, ತಾಮ್ರದ ಚೊಂಬುಗಳು ಈಗಲೂ ಕೈಗೆ ಸಿಗುತ್ತವೆ. ಅಡುಗೆಮನೆಗೆ ಸ್ಟೀಲು ಬಂದ ಮೇಲೆ ಅಟ್ಟ ಸೇರಿದ ಈ ಪಾತ್ರೆಗಳನ್ನು ಹಬ್ಬಕ್ಕೊಮ್ಮೆ ಇಳಿಸಿ, ನೋಡಿ, ಮತ್ತೆ ಮೇಲಿಡುವುದಕ್ಕಿಂತ ವಾರಕ್ಕೊಮ್ಮೆಯಾದರೂ ಅವುಗಳಲ್ಲಿ ಉಣ್ಣುವುದು ಒಳ್ಳೆಯದೆಂದು ನಾನು ನಂಬಿದ್ದೇನೆ. ಆಗಾಗ ತೊಳೆದು ಒಣಗಿಸುವ ಪಾತ್ರೆಗೆ ಕಿಲುಬು ಹಿಡಿಯುವುದು ಕಡಿಮೆ.

ಮೊದಲು ಯಾವುದು ಕಂಚು, ಯಾವುದು ಹಿತ್ತಾಳೆ ಎಂದು ಬೇರ್ಪಡಿಸಿಕೊಳ್ಳಬೇಕು. ಹಿತ್ತಾಳೆ ತಾಮ್ರ ಮತ್ತು ಸತುವಿನ ಬೆರಕೆ. ಕಂಚು ತಾಮ್ರ ಮತ್ತು ತವರದ ಬೆರಕೆ. ಊಟದ ತಟ್ಟೆಯ ಒಳ್ಳೆಯ ಕಂಚಿನಲ್ಲಿ ನೂರಕ್ಕೆ ಸುಮಾರು 78 ಪಾಲು ತಾಮ್ರ, 22 ಪಾಲು ತವರ ಇರುತ್ತದೆ. ತಟ್ಟೆಯನ್ನು ಮೂರು ಬೆರಳುಗಳ ತುದಿಯ ಮೇಲೆ ಕೂರಿಸಿ, ಇನ್ನೊಂದು ಕೈಯ ಗೆಣ್ಣಿನಿಂದ ಅಂಚಿಗೆ ಮೆಲ್ಲಗೆ ತಟ್ಟಿದರೆ ಕಂಚು ದೇವರಮನೆಯ ಗಂಟೆಯಂತೆ ಬಹಳ ಹೊತ್ತು ನುಡಿಯುತ್ತದೆ, ಹಿತ್ತಾಳೆ ಬೇಗನೆ ಸುಮ್ಮನಾಗುತ್ತದೆ. ಕಂಚಿನ ತಟ್ಟೆಯೇ ಒಡಕು ದನಿ ಕೊಟ್ಟರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆಯೆಂದು ತಿಳಿಯಬೇಕು. ಹಿತ್ತಾಳೆ ಬಿದ್ದರೆ ತಗ್ಗಾಗುತ್ತದೆ, ತಗ್ಗನ್ನು ಬಡಿದು ಸರಿಮಾಡಬಹುದು. ಕಂಚು ಬಿದ್ದರೆ ಸೀಳುತ್ತದೆ. ಆದ್ದರಿಂದ ಕಂಚನ್ನು ಬಚ್ಚಲ ಕಲ್ಲಿನ ಮೇಲೆ ರಾಶಿ ಹಾಕಿ ತೊಳೆಯದೆ, ಒಂದೊಂದನ್ನೇ ಕೈಯಲ್ಲಿ ಹಿಡಿದು ತೊಳೆಯಬೇಕು.

ವರ್ಷಗಟ್ಟಲೆ ಕಪ್ಪಿಟ್ಟ ಪಾತ್ರೆಯನ್ನು ಬೆಳಗಲು ಹುಣಸೆಹಣ್ಣಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ನಿಂಬೆಗಾತ್ರದ ಹುಣಸೆಯನ್ನು ಬಿಸಿನೀರಿನಲ್ಲಿ ನೆನೆಸಿ, ನಾರು ಬೀಜ ತೆಗೆದು, ಚಿಟಿಕೆ ಉಪ್ಪು ಬೆರೆಸಿ ಬೆರಳುಗಳಿಂದಲೇ ಸವರಿದರೆ ಎರಡು ಮೂರು ನಿಮಿಷಗಳಲ್ಲಿ ಕಪ್ಪು ಬಿಡುತ್ತದೆ. ಆಮೇಲೆ ಒಲೆಯ ಬೂದಿಯನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಆ ನಯವಾದ ಪುಡಿಯಿಂದ ಉಜ್ಜಿ ತೊಳೆಯಬೇಕು. ಜರಡಿ ಹಿಡಿಯದ ಬೂದಿಯಲ್ಲಿ ಉಳಿದ ಮರಳಿನ ಕಣ ಒಂದೇ ದಿನದಲ್ಲಿ ಗೀರು ಮೂಡಿಸುತ್ತದೆ. ಹುಣಸೆ ಸವರಿದ ಹಿತ್ತಾಳೆಯನ್ನು ರಾತ್ರಿಯಿಡೀ ಹಾಗೆಯೇ ಬಿಡಬಾರದು. ಹುಳಿ ಮೇಲ್ಪದರದ ಸತುವನ್ನು ಕಿತ್ತುಕೊಂಡು, ಹಳದಿ ಪಾತ್ರೆಯಲ್ಲಿ ಅಲ್ಲಲ್ಲಿ ಕೆಂಪು ಮಚ್ಚೆಗಳು ಏಳುತ್ತವೆ. ದಿನದ ತೊಳೆತಕ್ಕೆ ಅಂಟುವಾಳದ ನೀರು ಮತ್ತು ಮೆದುವಾದ ತೆಂಗಿನ ನಾರು ಸಾಕು.

ಪಾತ್ರೆ ಬೆಳಗುವ ಮುನ್ನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹಿಂದಿನವರು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಹೆಸರುಗಳು ಅಲ್ಲಿರುತ್ತವೆ. ನಮ್ಮ ಅಜ್ಜಿಯ ತವರಿನಿಂದ ಬಂದ ತಟ್ಟೆಯನ್ನು ಪೇಟೆಯ ಅಂಗಡಿಯೊಂದರಲ್ಲಿ ಯಂತ್ರದ ಪಾಲಿಶ್‌ಗೆ ಕೊಟ್ಟಾಗ ಅದು ಹೊಸದರಂತೆ ಹೊಳೆಯುತ್ತಾ ಬಂತು, ಆದರೆ ಅವರ ಹೆಸರಿನ ಮೊದಲ ಎರಡು ಅಕ್ಷರಗಳು ಸವೆದುಹೋಗಿದ್ದವು. ಆ ನೋವು ಇಂದಿಗೂ ಇದೆ. ಹೆಸರಿರುವ ಪಾತ್ರೆಯನ್ನು ದಯವಿಟ್ಟು ಕೈಯಿಂದಲೇ ಬೆಳಗಿರಿ, ಅಕ್ಷರದ ಮೇಲೆ ಬೂದಿ ತಾಗಿಸಬೇಡಿ.

ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ, ಸಾರು ಮಾಡುವುದಾದರೆ ಒಳಗೆ ಕಲಾಯಿ ಇರಲೇಬೇಕು. ಹುಳಿಗೆ ಕರಗಿದ ತಾಮ್ರ ಅಡುಗೆಯನ್ನು ಕೆಡಿಸುವುದಷ್ಟೇ ಅಲ್ಲ, ಉಂಡವರಿಗೆ ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ. ಕಲಾಯಿ ಎಂದರೆ ಕಾಯಿಸಿದ ಪಾತ್ರೆಗೆ ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಉದುರಿಸಿ, ತವರವನ್ನು ಮುಟ್ಟಿಸಿ, ಕರಗಿದೊಡನೆ ಹತ್ತಿಯಿಂದ ಒಳಮೈಗೆಲ್ಲ ಬಳಿಯುವ ಕೆಲಸ. ಕಲಾಯಿಯವರು ಸಿಕ್ಕಾಗ ಸೀಸ ಬೆರೆಯದ ಶುದ್ಧ ತವರವೇ ಬೇಕೆಂದು ಸ್ಪಷ್ಟವಾಗಿ ಹೇಳಿ, ಎದುರಿಗೇ ಹಾಕಿಸಿಕೊಳ್ಳಬೇಕು. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಕಲಾಯಿಯ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬಾರದು, ಒಗ್ಗರಣೆಯನ್ನೂ ಬೇರೆ ಬಾಣಲೆಯಲ್ಲಿ ಮಾಡಬೇಕು. ಮರದ ಸೌಟು ಬಳಸಿ, ಒಳಗೆ ಹುಣಸೆ, ಬೂದಿ ತಾಗಿಸದೆ ತೊಳೆಯಬೇಕು. ಬಿಳುಪಿನ ನಡುವೆ ಹಳದಿ ಅಥವಾ ಕೆಂಪು ಇಣುಕಿದರೆ ಮತ್ತೆ ಕಲಾಯಿ ಹಾಕಿಸುವವರೆಗೆ ಅದರಲ್ಲಿ ಅಡುಗೆ ಬೇಡ.

ಕಂಚಿನ ತಟ್ಟೆಗೆ ಕಲಾಯಿ ಬೇಕಿಲ್ಲ. ಬಿಸಿ ಅನ್ನ, ತೊವ್ವೆ, ತುಪ್ಪ ಬಡಿಸಿಕೊಂಡು ನೆಮ್ಮದಿಯಾಗಿ ಉಣ್ಣಬಹುದು. ಉಪ್ಪಿನಕಾಯಿಯನ್ನು ಮಾತ್ರ ಬಾಳೆಲೆಯ ಚೂರಿನ ಮೇಲೆ ಹಾಕಿಕೊಂಡು, ಮಜ್ಜಿಗೆಯನ್ನಕ್ಕೆ ಬಂದ ಮೇಲೆ ತಡಮಾಡದೆ ಊಟ ಮುಗಿಸಿ ಎಂಜಲು ಒಣಗುವ ಮೊದಲೇ ತೊಳೆದರೆ ಕಲೆ ಉಳಿಯುವುದಿಲ್ಲ. ತೊಳೆದ ತಕ್ಷಣ ಬಟ್ಟೆಯಲ್ಲಿ ಒರೆಸಬೇಕು, ಏಕೆಂದರೆ ನಮ್ಮ ಮಳೆಗಾಲದ ತಂಡಿಯಲ್ಲಿ ತಾನಾಗಿ ಒಣಗಲೆಂದು ಬಿಟ್ಟ ತಟ್ಟೆಯ ಮೇಲೆ ನೀರಿನ ಹನಿಗಳೇ ಮಚ್ಚೆಯಾಗಿ ಕೂರುತ್ತವೆ. ಎತ್ತಿಡುವ ಪಾತ್ರೆಗಳನ್ನು ಮೇ ತಿಂಗಳ ಬಿಸಿಲಿಗೆ ಒಂದು ಗಂಟೆ ಇಟ್ಟು, ತಣಿದ ಮೇಲೆ ಹಳೆಯ ಹತ್ತಿ ಪಂಚೆಯ ತುಂಡುಗಳಲ್ಲಿ ಒಂದೊಂದಾಗಿ ಸುತ್ತಿ, ಹೊಗೆ ತಾಗದ ಮರದ ಪೆಟ್ಟಿಗೆಯಲ್ಲಿಡಿ.

ಬಿರುಕು ಬಿಟ್ಟ ಕಂಚನ್ನು ಊಟಕ್ಕೆ ಬಳಸಬೇಡಿ, ಆದರೆ ಗುಜರಿಗೆ ತೂಕಕ್ಕೂ ಹಾಕಬೇಡಿ. ಅಕ್ಷರ ಸವೆದ ನಮ್ಮ ತಟ್ಟೆಯ ಅಂಚು ಕೊನೆಗೊಮ್ಮೆ ಸೀಳಿತು; ಈಗ ಅದು ಜಗಲಿಯಲ್ಲಿ ಬಂದವರಿಗೆ ಎಲೆಯಡಿಕೆ ಇಡುವ ತಟ್ಟೆಯಾಗಿದೆ.