ಮೂವತ್ತು ಪಾಲು ಹೊಸ ಪುಡಿ ಸಾಕು: ನನ್ನ ಅನುಭವ

ಪ್ಲಾಸ್ಟಿಕ್ ಪುಡಿಯನ್ನು ಪದರ ಪದರವಾಗಿ ಹಾಸಿ, ಲೇಸರ್‌ನಿಂದ ಕರಗಿಸಿ ಬಿಡಿಭಾಗ ಮಾಡುವ 3ಡಿ ಮುದ್ರಣ ನನ್ನ ಕೆಲಸ. ಕರಗದೆ ಉಳಿದ ಹಳೆ ಪುಡಿಗೆ ಹೊಸದನ್ನು ಬೆರೆಸಿ ಮತ್ತೆ ಬಳಸುತ್ತೇನೆ. ನಾನು ಬಳಸುವ ನೈಲಾನ್ 12 ಪ್ಲಾಸ್ಟಿಕ್ಕಿಗೆ ಹೊಸ ಪುಡಿ ನೂರಕ್ಕೆ ಐವತ್ತಕ್ಕಿಂತ ಕಡಿಮೆ ಬೆರೆಸಿದರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗಾಗುತ್ತದೆ ಎಂದು ನನಗೆ ಹೇಳದವರಿಲ್ಲ. ಮೂವತ್ತಕ್ಕೆ ಇಳಿಸುತ್ತೇನೆ ಎಂದಾಗ ಜೊತೆಯವರು ಆಗದ ಮಾತು ಎಂದರು. ಈಗ ಹತ್ತಿರ ಹತ್ತಿರ 40 ಬಿಲ್ಡ್ (ಯಂತ್ರದ ಒಂದೊಂದು ಪೂರ್ತಿ ಮುದ್ರಣ) ಮುಗಿದಿವೆ; ಮೇಲ್ಮೈಯ ಬಗ್ಗೆ ಒಂದು ದೂರೂ ಬಂದಿಲ್ಲ.

ನನ್ನ ಬಿಲ್ಡ್‌ಗಳಲ್ಲಿ ಲೇಸರ್ ಕರಗಿಸುವುದು ಪುಡಿಯ ಹತ್ತರಲ್ಲೊಂದು ಪಾಲು. ಉಳಿದ ಒಂಬತ್ತು ಪಾಲು 170 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯುತ್ತ ಕೂರುತ್ತದೆ. ನನ್ನ ದುಡ್ಡೆಲ್ಲ ಕೂತಿರುವುದು ಅಲ್ಲಿಯೇ.

ಮೊದಲು ಹೀಗೆ ಉಳಿದ ಹಳೆಯದನ್ನೆಲ್ಲ ಒಂದೇ ಡ್ರಮ್ಮಿಗೆ ಸುರಿದು ಬೆರೆಸಿದೆ. ಸತತ ಮೂರು ಬಿಲ್ಡ್ ಹಾಳು. ತೆಳು ಗೋಡೆಯ ಮುಚ್ಚಳಗಳ ಮೇಲೆ ಹೆಬ್ಬೆರಳು ಆಡಿಸಿದರೆ ಉಬ್ಬುತಗ್ಗು ಸಿಗುತ್ತಿತ್ತು. ಲೇಸರ್ ಶಕ್ತಿ ಏರಿಸಿದೆ. ಸಣ್ಣ ರಂಧ್ರಗಳೊಳಗೆ ಪುಡಿ ಅಂಟಿ ಮುಚ್ಚಿಹೋದವು. ಬೆಡ್ಡಿನ, ಅಂದರೆ ಪುಡಿ ಹಾಸಿನ, ಬಿಸಿ ಎರಡು ಡಿಗ್ರಿ ಏರಿಸಿದೆ. ಇಡೀ ಪುಡಿ ಗಟ್ಟಿ ಕೇಕ್ ಆಗಿ, ಭಾಗಗಳನ್ನು ಕೆತ್ತಿ ತೆಗೆಯಬೇಕಾಯಿತು. ಅನಿಲ ಉಳಿಸಲು ಲೇಸರ್ ನಿಂತೊಡನೆ ಸಾರಜನಕವನ್ನೂ ನಿಲ್ಲಿಸಿದ್ದೆ. ಬಿಸಿಯಾಗಿದ್ದ ಪುಡಿ ಗಾಳಿ ತಾಗಿ ಹಳದಿಗೆ ತಿರುಗಿತು. ಉಳಿಸಿದ ಅನಿಲಕ್ಕಿಂತ ಕಳೆದ ಪುಡಿಯೇ ಹೆಚ್ಚು. ಒಟ್ಟಿನಲ್ಲಿ ಸುಮಾರು 60 ಕಿಲೋ ಕಸಕ್ಕೆ ಹೋಯಿತು.

ಆ ಗಟ್ಟಿ ಕೇಕ್ ಒಡೆಯುವಾಗಲೇ ದಾರಿ ಕಂಡಿತು. ಅಂಚಿನ ಪುಡಿ ಹಿಟ್ಟಿನಂತೆ ಉದುರುತ್ತಿತ್ತು, ನಡುವಿನದು ಹೆಂಟೆಹೆಂಟೆಯಾಗಿ ಬರುತ್ತಿತ್ತು. ಎರಡನ್ನೂ ಬೇರೆ ಬೇರೆ ಜರಡಿ ಹಿಡಿದು ಕರಗುಹರಿವು, ಅಂದರೆ ಕರಗಿದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು, ಅಳೆದೆ. ಹೊಸದರ ಪಕ್ಕ ಅಂಚಿನದು ಐದನೇ ಒಂದರಷ್ಟು ಇಳಿದಿತ್ತು. ನಡುವಿನದು ಅರ್ಧವೂ ಉಳಿದಿರಲಿಲ್ಲ. ಹೆಚ್ಚು ಹೊತ್ತು ಬೆಂದಲ್ಲಿ ನೈಲಾನಿನ ಅಣು ಸರಪಳಿಗಳು ಉದ್ದವಾಗಿ ಪುಡಿ ಹರಿಯುವುದನ್ನೇ ಮರೆತಿತ್ತು. ಇವೆರಡನ್ನೂ ಒಂದೇ ‘ಹಳೆ ಪುಡಿ’ ಎಂದು ಕರೆದದ್ದೇ ತಪ್ಪು.

ಈಗ ಭಾಗಗಳ ಸುತ್ತ ಎರಡು ಮೂರು ಸೆಂಟಿಮೀಟರ್ ಮತ್ತು ನಡುಭಾಗದ ಪುಡಿ ಕೆಂಪು ಪಟ್ಟಿಯ ಡ್ರಮ್ಮಿಗೆ, ಅಂಚಿನದು ಹಸಿರಿಗೆ. ಮೂವತ್ತು ಪಾಲಿನ ಲೆಕ್ಕ ಹಸಿರಿಗೆ ಮಾತ್ರ. ಕೆಂಪಿನದಕ್ಕೆ ಹೊಸದನ್ನು ಅರವತ್ತರವರೆಗೆ ಬೆರೆಸಿ, ಅಂದ ಬೇಡದ ಜಿಗ್‌ಗಳಿಗೆ (ಕೆಲಸದ ವಸ್ತುವನ್ನು ಹಿಡಿದಿಡುವ ಸಾಧನಗಳಿಗೆ) ಬಳಸುತ್ತೇನೆ. ತೀರಾ ಬೆಂದದ್ದನ್ನು ಎಸೆಯುತ್ತೇನೆ. ಬೆರೆಸುವ ಕ್ರಮ ಮತ್ತು ಬೆರೆಸಿದ ಮೇಲೆ ಪುಡಿಗೆ ಕೊಡುವ ವಿರಾಮ ನನ್ನಲ್ಲೇ ಇರಲಿ, ಅದನ್ನು ಕಂಡುಕೊಳ್ಳಲು ಒಂದು ವರ್ಷ ಹಿಡಿಯಿತು.

ನಡುವೆ ಕೆಂಪು ಡ್ರಮ್ಮಿನ ಪುಡಿಗೆ ಗಾಜಿನ ಮಣಿಪುಡಿ ಸೇರಿಸಿಯೂ ನೋಡಿದೆ. ಭಾಗ ಬಿಗಿಯಾಯಿತು, ಆದರೆ ಕೊಕ್ಕೆಗಳು ಮೊದಲ ಒತ್ತಿಗೇ ಮುರಿದವು. ದಪ್ಪ ಆಧಾರಗಳಿಗೆ ಹೊಂದಬಹುದು, ಮತ್ತೊಮ್ಮೆ ಮಾಡಿ ನೋಡಬೇಕು.

ಪುಡಿಯ ಖರ್ಚು ಕಾಲು ಭಾಗದಷ್ಟು ಇಳಿದಿದೆ. ಆಗದು ಎಂದಿದ್ದವರಲ್ಲಿ ಒಬ್ಬರು ಕಳೆದ ತಿಂಗಳು ಬಂದು ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸಿ, ಎರಡು ಖಾಲಿ ಡ್ರಮ್ಮಿನ ಅಳತೆ ಬರೆದುಕೊಂಡು ಹೋದರು.